ಕೈ ನೋಬಾಲು, ಕಾಲು ನೋಬಾಲು

ನಮ್ಮ ಮದ್ದೂರಿನಲ್ಲಿ ಚೆಂಡನ್ನು ಎಸೆಯುತ್ತಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನಡುವೆ ಬಾಯಿ ಹಾಕಬೇಡಿ. ಬೆಂಗಳೂರಿನವರು ‘ಬಾಲ್ ಹಾಕು’ ಅನ್ನುತ್ತಾರಂತೆ. ಅನ್ನಲಿ, ಅವರ ಬಾಯಿ ಅವರದು. ನಮ್ಮಲ್ಲಿ ಹಾಕುವುದು ಎಂದರೆ ದನಕ್ಕೆ ಹುಲ್ಲು ಹಾಕುವುದು, ಗದ್ದೆಗೆ ಗೊಬ್ಬರ ಹಾಕುವುದು. ಚೆಂಡನ್ನು ಎಸೆಯುತ್ತಾರೆ, ದಾಂಡಿನಿಂದ ಹೊಡೆಯುತ್ತಾರೆ. ಓಡಿಬಂದು, ಕೈ ಸುತ್ತಿಸಿ, ಧರ್ಮವಾಗಿ ಚೆಂಡು ಬಿಡುವವನಿಗೆ ನಾವು ‘ಎಸೆಯೋನು’ ಎಂದೇ ಹೇಳುತ್ತಿದ್ದುದು. ಮೊಣಕೈ ಮಡಿಸಿ, ಝಾಡಿಸಿ, ಮೋಸದಲ್ಲಿ ಒಗೆಯುವವನಿಗೆ ಬೇರೆಯೇ ಮಾತಿತ್ತು. ಅವನು ‘ಕಲ್ಲು ಹೊಡೆಯೋನು’. ಮಾವಿನಕಾಯಿಗೆ ಕಲ್ಲು ಹೊಡೆಯುತ್ತೇವಲ್ಲ, ಹಾಗೆ.

ಈ ಎರಡು ಮಾತುಗಳ ವ್ಯತ್ಯಾಸ ಒಬ್ಬ ದೊಡ್ಡ ಮನುಷ್ಯರಿಗೆ ಗೊತ್ತಿಲ್ಲದೆ ಹೋಗಿ, ನಮ್ಮ ಇಸಾಕನ ಮಾನ ಹೋಗುವುದರಲ್ಲಿತ್ತು.

ನಾನು ಸಿದ್ದರಾಜು. ಆಗ ಮದ್ದೂರು ತಂಡದಲ್ಲಿ ಗೂಟದ ಹಿಂದೆ ನಿಂತು ಚೆಂಡು ಹಿಡಿಯುತ್ತಿದ್ದವನು. ನನಗೆ ಮೂಗಿನ ತುದಿಯಲ್ಲೇ ಕೋಪ ಅನ್ನುತ್ತಾರೆ. ಇರಬಹುದು. ಇಸಾಕನ ಚೆಂಡು ಹಿಡಿದು ಹಿಡಿದು ಬೆರಳೆಲ್ಲ ಡೊಂಕಾದ ಮೇಲೆ ನಿಮಗೂ ಬರುತ್ತಿತ್ತು.

ಇಸಾಕ ಬಸ್ಸು ರಿಪೇರಿ ಮಾಡುವವರ ಮನೆಯವನು. ಯುದ್ಧದ ಕಾಲ ಅದು. ಪೆಟ್ರೋಲು ಸಿಕ್ಕುತ್ತಿರಲಿಲ್ಲ, ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡುತ್ತಿದ್ದವು. ಅದಕ್ಕೂ ಮುಂಚೆ, ಇಸಾಕನಿಗೆ ಮೀಸೆ ಚಿಗುರುವ ವಯಸ್ಸಿನಲ್ಲಿ, ಒಂದು ಬಸ್ಸನ್ನು ಚಾಲೂ ಮಾಡಲು ಅದರ ಮುಂದಿನ ಹ್ಯಾಂಡಲ್ ತಿರುಗಿಸುವಾಗ ಅದು ಹಿಂದಕ್ಕೆ ಒದ್ದು ಬಲ ಮೊಣಕೈ ಮುರಿದುಹೋಯಿತು. ಮೂಳೆ ಕೂರಿಸುವ ಪಟ್ಟಲಮ್ಮ ಬಿದಿರ ದಬ್ಬೆ ಇಟ್ಟು ಕಟ್ಟಿದಳು. ಮೂಳೆ ಕೂಡಿತು, ಕೈ ಮಾತ್ರ ಅರ್ಧ ಬಗ್ಗಿದಂತೆಯೇ ನಿಂತುಬಿಟ್ಟಿತು. ನೆಟ್ಟಗೆ ಚಾಚಲೂ ಬಾರದು, ಪೂರ್ತಿ ಮಡಿಸಲೂ ಬಾರದು. ಊಟಕ್ಕೆ ಕೂತರೆ ತುತ್ತು ಬಾಯಿಯ ತನಕ ಬರುತ್ತಿರಲಿಲ್ಲ, ಬಾಯಿಯೇ ತುತ್ತಿನ ಹತ್ತಿರ ಬಗ್ಗಬೇಕು. ಮದುವೆಮನೆಯ ಪಂಕ್ತಿಯಲ್ಲಿ ಜನ ನಗುತ್ತಾರೆಂದು ಅವನು ಮದುವೆಗೇ ಹೋಗುವುದನ್ನು ಬಿಟ್ಟ. ಸುತ್ತಿಗೆ ಎತ್ತಲಾರ, ಹ್ಯಾಂಡಲ್ ತಿರುಗಿಸಲಾರ. ‘ಸೊಟ್ಟಗೈ ಇಸಾಕ’ ಎಂದು ಊರು ಹೆಸರಿಟ್ಟಿತು. ಅವನ ತಾಯಿ ಬಿಬಿ ಜಾನ್ ಆ ಕೈಯನ್ನು ನೋಡಿದಾಗಲೆಲ್ಲ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದಳು.

ಆ ಕೈಗೆ ಒಂದೇ ಒಂದು ಕೆಲಸ ಬರುತ್ತಿತ್ತು. ಚೆಂಡು ಎಸೆಯುವುದು.

ಅಯ್ಯೋ, ಅದನ್ನು ಹೇಗೆ ಹೇಳಲಿ! ಬರಿಗಾಲಲ್ಲಿ ಓಡಿಬಂದು, ಆ ಸೊಟ್ಟ ಕೈಯನ್ನು ಭುಜದ ಬುಡದಿಂದಲೇ ಗಿರಗಟ್ಟೆಯಂತೆ ಸುತ್ತಿಸಿ ಬಿಟ್ಟನೆಂದರೆ ಚೆಂಡು ಎಲ್ಲಿಂದ ಹೊರಟಿತೆಂದೇ ತಿಳಿಯುತ್ತಿರಲಿಲ್ಲ. ಎಡಕ್ಕೆ ಬರುತ್ತಿದೆ ಎಂದುಕೊಂಡು ನಾನು ಎಡಕ್ಕೆ ಸರಿದರೆ, ಅದು ನೆಲ ಮುಟ್ಟಿ ಬಲಕ್ಕೆ ಸಿಡಿದು ಗೂಟ ಕಿತ್ತುಕೊಂಡು ಹೋಗುತ್ತಿತ್ತು. ಎಷ್ಟು ಸಲ ನೋಡಿದ್ದರೂ ಪ್ರತಿ ಸಲ ನನ್ನ ಮೈ ಜುಂ ಎನ್ನುತ್ತಿತ್ತು. ದೇವರು ಒಂದು ಬಾಗಿಲು ಮುಚ್ಚುವಾಗ ಕೈ ಜಾರಿ ಇದನ್ನು ತೆರೆದಿಟ್ಟನೋ ಏನೋ ಎಂದು ಗೂಟದ ಹಿಂದೆ ನಿಂತೇ ಯೋಚಿಸುತ್ತಿದ್ದೆ.

ಮಂಡ್ಯ, ಮದ್ದೂರು, ಮಳವಳ್ಳಿ ಮೂರು ಊರಿನವರೂ ಸೇರಿ ಆಟಕ್ಕೊಂದು ಕಟ್ಟು ಮಾಡಿಕೊಂಡಿದ್ದೆವು. ಎರಡು ಊರು ಆಡುವಾಗ ಮೂರನೆಯ ಊರಿನವರು ಅಂಪೈರು. ನೋಬಾಲಿನಲ್ಲಿ ಎರಡು ಜಾತಿ. ಎಸೆಯುವವನ ಹಿಂದಿನ ಕಾಲು ಗೆರೆ ತುಳಿದರೆ ಕಾಲು ನೋಬಾಲು. ಅದು ಮರೆವು, ಯಾರಿಗಾದರೂ ಆಗುವಂಥದ್ದು. ಮೊಣಕೈಯಲ್ಲಿ ಝಾಡಿಸಿದರೆ ಕೈ ನೋಬಾಲು, ಅದು ಕಳ್ಳತನ. ಆಟ ಮುಗಿದ ಮೇಲೆ ಅಂಪೈರು ‘ಇವನ ಕೈ ಸರಿಯಿಲ್ಲ’ ಎಂದು ಹೆಸರು ಹೇಳಿಬಿಟ್ಟರೆ ಅವನು ಮೂರು ಊರಿನಲ್ಲಿ ಎಲ್ಲಿಯೂ ಮತ್ತೆ ಚೆಂಡು ಮುಟ್ಟುವಂತಿಲ್ಲ. ಅದೇ ಕಟ್ಟು.

ಆ ವರ್ಷ ನಾವು ಮಂಡ್ಯಕ್ಕೆ ಹೋದಾಗ ಅಂಪೈರಾಗಿ ಮಳವಳ್ಳಿಯಿಂದ ಬಂದವರು ಮರಿಸಿದ್ದಯ್ಯನವರು. ಹುಟ್ಟಿದ್ದು ಮಳವಳ್ಳಿಯಾದರೂ ಬೆಳೆದದ್ದು, ಬಾಳಿದ್ದು ಎಲ್ಲ ಬೆಂಗಳೂರಿನ ದಂಡಿನಲ್ಲಿ, ಅದೇ ಕಂಟೋನ್ಮೆಂಟಿನಲ್ಲಿ. ಸೋಲ್ಜರುಗಳ ಆಟಕ್ಕೆಲ್ಲ ಅಂಪೈರಾಗಿದ್ದವರು. ವಯಸ್ಸಾದ ಮೇಲೆ ಊರಿಗೆ ವಾಪಸಾಗಿದ್ದರು. ಬಿಳಿ ಕೋಟು, ತಲೆಗೆ ರುಮಾಲು, ಜೇಬಿನಲ್ಲಿ ಹುಣಸೇಬೀಜ. ಒಂದೊಂದು ಚೆಂಡಿಗೆ ಒಂದೊಂದು ಬೀಜ ಈ ಜೇಬಿನಿಂದ ಆ ಜೇಬಿಗೆ. ಒಮ್ಮೆ ಒಬ್ಬ ಅಮಲ್ದಾರರಿಗೆ ಮೊದಲ ಚೆಂಡಿಗೇ ಬೆರಳೆತ್ತಿದ್ದರಂತೆ. ಅಮಲ್ದಾರರು ತಿರುಗಿ ನೋಡದೆ ಹೊರಟುಹೋದರಂತೆ. ಮರಿಸಿದ್ದಯ್ಯನವರು ಮೈದಾನಕ್ಕೆ ಇಳಿದರೆ ಕಬ್ಬಿನ ಗದ್ದೆಯ ಕಡೆ ಕೂತು ಬೀಡಿ ಸೇದುತ್ತಿದ್ದವರೂ ಬೀಡಿ ಆರಿಸುತ್ತಿದ್ದರು. ನಾನೂ ಬಿಚ್ಚಿದ್ದ ಅಂಗಿಯ ಗುಂಡಿ ಹಾಕಿಕೊಂಡೆ, ಸುಳ್ಳೇಕೆ ಹೇಳಲಿ.

ಆಟ ಶುರುವಾಗುವ ಮೊದಲು ಎರಡೂ ತಂಡಗಳನ್ನು ಸಾಲಾಗಿ ನಿಲ್ಲಿಸಿದರು. ಅವರ ಪದ್ಧತಿ ಅದು.

“ನೋಡ್ರಪ್ಪಾ, ಮೊದಲೇ ಕೇಳಿಬಿಡ್ತೀನಿ. ನಿಮ್ಮಲ್ಲಿ ಎಸೆಯೋವರು ಯಾರಾದ್ರೂ ಇದ್ದರೆ ಈಗಲೇ ಹೇಳಿ. ಆಮೇಲೆ ನಾನು ಕೂಗಿದ ಮೇಲೆ ಅಳಬೇಡಿ.”

ಮಂಡ್ಯದವರು ನೆಲ ನೋಡಿದರು. ನಮ್ಮ ಇಸಾಕ ಎದೆಯುಬ್ಬಿಸಿ ಒಂದು ಹೆಜ್ಜೆ ಮುಂದೆ ಬಂದ.

“ನಾನೇ ಸಾ. ಮದ್ದೂರ್ಗೆಲ್ಲ ನಾನೇ ಎಸೆಯೋನು. ಚೆಂದಾಗಿ ಎಸೀತೀನಿ ಸಾ.”

ಮರಿಸಿದ್ದಯ್ಯನವರು ಅವನನ್ನು ಬಹಳ ಹೊತ್ತು ನೋಡಿದರು. “ಭೇಷ್,” ಎಂದರು. “ಹೀಗೆ ಎದುರಿಗೆ ಬಂದು ಹೇಳಿದವನನ್ನ ನಾನು ಕಂಡಿರಲಿಲ್ಲ.”

ನಾವು ಹಿಗ್ಗಿ ಹೀರೇಕಾಯಿಯಾದೆವು. ಎಂಥ ಮೂಢರು! ದೊಡ್ಡವರು ಮೆಚ್ಚಿಕೊಂಡರು ಎಂದೇ ತಿಳಿದೆವು. ನಮ್ಮ ನಾಯಕ ನಜೀರ್ ಅಹ್ಮದ್, ಮದ್ದೂರು ಪೇಟೆಯ ಬಟ್ಟೆ ಅಂಗಡಿಯವರು, ಇಸಾಕನ ಬೆನ್ನು ತಟ್ಟಿದರು.

ಮೊದಲು ನಾವು ದಾಂಡು ಹಿಡಿದೆವು. ಹೇಳಿಕೊಳ್ಳುವಂಥ ಓಟವೇನೂ ಆಗಲಿಲ್ಲ. ಆದರೂ ಇಸಾಕನಿದ್ದಾನಲ್ಲ ಎಂಬ ಧೈರ್ಯ. ಮಂಡ್ಯದವರು ಆಡಲು ಬಂದರು. ಎರಡೂ ಕಡೆಯ ಗೂಟಗಳ ನಡುವೆ ನಾರಿನ ಚಾಪೆ ಬಿಗಿದು, ಅದರ ತುದಿಗೆ ಸುಣ್ಣದ ಗೆರೆ ಎಳೆದಿದ್ದರು. ಇಸಾಕ ಓಡಿಬಂದ. ಮರಿಸಿದ್ದಯ್ಯನವರು ಆಗ ದಾಂಡಿನವನ ಪಕ್ಕಕ್ಕೆ, ದೂರದಲ್ಲಿ ನಿಂತಿದ್ದರು. ಕೈ ಸುತ್ತಿತು, ಚೆಂಡು ಬಂತು, ಮಂಡ್ಯದವನ ನಡುಗೂಟ ಹಾರಿ ನನ್ನ ಕಾಲ ಬಳಿ ಬಿತ್ತು. ನಾನು ಕೇಕೆ ಹಾಕಲು ಬಾಯಿ ತೆರೆದೆ.

“ನೋಬಾಲ್!”

ಆ ಕೂಗು ಪಕ್ಕದಿಂದ ಬಂದಿತ್ತು. ಕಾಲು ನೋಡುವವರು ಎಸೆಯುವವನ ಬಳಿ ನಿಂತ ಇನ್ನೊಬ್ಬ ಅಂಪೈರು; ಪಕ್ಕದಿಂದ ಬಂದರೆ ಅರ್ಥ ಒಂದೇ. ಕೈ ನೋಬಾಲು.

ಇಸಾಕ ನಗುತ್ತಲೇ ಹಿಂದೆ ಹೋದ, ಏನೋ ತಪ್ಪಿ ಕೂಗಿದರು ಎಂದುಕೊಂಡು. ಮತ್ತೆ ಓಡಿಬಂದ. ಮತ್ತೆ ನೋಬಾಲ್. ಮೂರನೆಯ ಸಲ ಕೂಗಿದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. ಆ ಕೈಯನ್ನು ಎಡಗೈಯಿಂದ ಹಿಡಿದುಕೊಂಡು ನಿಂತ.

ನನಗೆ ಮೈಯೆಲ್ಲ ಉರಿದುಹೋಯಿತು. ಕೈಗವಸು ಕಿತ್ತೆಸೆದು ನೇರ ಅವರ ಮುಂದೆ ಹೋಗಿ ನಿಂತೆ. “ಏನ್ ಸಾ ಇದು, ಅನ್ನೇಯ! ಕಣ್ಣು ಕಾಣಾಕಿಲ್ವಾ?” ಎಂದು ಕೂಗಾಡಿದೆ. ಇನ್ನೂ ಏನೇನೋ ಅಂದೆ. ನಜೀರ್ ಸಾಬರು ಓಡಿಬಂದು ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದರು.

ಮರಿಸಿದ್ದಯ್ಯನವರು ದನಿ ಏರಿಸಲಿಲ್ಲ. “ಅವನೇ ಬೆಳಿಗ್ಗೆ ಒಪ್ಪಿಕೊಂಡನಲ್ಲಪ್ಪ, ಎಸೀತೀನಿ ಅಂತ.”

“ಅಯ್ಯೋ ಸಾಮಿ, ನಮ್ಮ ಕಡೆ ಎಸೆಯೋದು ಅಂದ್ರೆ ಬಾಲ್ ಆಕೋದೇಯ! ನೀವು ಏಳೋ ಎಸೆತಕ್ಕೆ ನಾವು ಕಲ್ಲು ಒಡಿಯೋದು ಅಂತೀವಿ!” ಎಂದೆ ನಾನು.

ಅವರ ಹುಬ್ಬು ಮೇಲೇರಿತು.

“ಹಾಗಾದರೆ ಆ ಮಾತನ್ನ ನಾನು ಬಿಟ್ಟೆ,” ಎಂದರು. “ಆದರೆ ಕಣ್ಣು? ಕೈ ಬಗ್ಗಿರೋದು ನನಗೆ ಕಾಣ್ತಿದೆ. ಮಾತು ತಪ್ಪಿತು ಅಂತ ಕಣ್ಣನ್ನ ತಪ್ಪು ಅನ್ನಲಾರೆ. ಹೋಗಿ, ಆಟ ಆಡಿ.”

ನಜೀರ್ ಸಾಬರು ಚೆಂಡನ್ನು ಬೇರೊಬ್ಬನಿಗೆ ಕೊಟ್ಟರು. ಇನ್ನೇನು ಮಾಡಿಯಾರು? ಇಸಾಕನನ್ನು ಮೈದಾನದ ಅಂಚಿಗೆ, ಕಬ್ಬಿನ ಗದ್ದೆಯ ಬದುವಿಗೆ ಕಳಿಸಿದರು. ಅವನು ಹೋಗುವಾಗ ನನ್ನ ಪಕ್ಕದಲ್ಲೇ ಹಾದುಹೋದ.

“ಸಿದ್ದ, ನಾನು ಮೋಸ ಮಾಡ್ತೀನಾ?” ಎಂದು ಕೇಳಿದ.

“ಥೂ, ಬುಡ್ಲಾ. ನಿನ್ ಕೈಲಿ ಮೋಸ ಮಾಡಾಕೂ ಬರಾಕಿಲ್ಲ,” ಎಂದೆ.

“ಅವ್ರು ಎಸ್ರು ಏಳ್ಬುಟ್ರೆ ಮುಗೀತು ಕಣ್ಲಾ. ಈ ಕೈಗೆ ಇನ್ನೇನು ಕೆಲ್ಸ ಐತೆ?”

ನಾನು ಕಿತ್ತೆಸೆದಿದ್ದ ಕೈಗವಸು ಹೆಕ್ಕಿಕೊಂಡು ಗೂಟದ ಹಿಂದಕ್ಕೆ ಹೋದೆ.

ಮಧ್ಯಾಹ್ನ ಸಕ್ಕರೆ ಕಾರ್ಖಾನೆಯ ಕಡೆಯಿಂದ ಬೆಲ್ಲದ ಪಾಕದ ವಾಸನೆ ಬೀಸುತ್ತಿತ್ತು. ಮಂಡ್ಯದವರು ನಿಧಾನಕ್ಕೆ ಓಟ ಕೂಡಿಸುತ್ತಿದ್ದರು. ಇಸಾಕನ ಕಡೆ ಚೆಂಡು ಹೋಗದಿರಲಿ ಎಂದು ನಾವು ಯಾವಾಗಲೂ ದೇವರನ್ನು ಬೇಡುತ್ತಿದ್ದೆವು. ಏಕೆಂದರೆ ಅವನಿಗೆ ಚೆಂಡನ್ನು ವಾಪಸ್ ಒಗೆಯಲು ಬರುತ್ತಿರಲಿಲ್ಲ. ಅದಕ್ಕಾಗಿ ನಾನೇ ಅವನನ್ನು ಎಷ್ಟೋ ಸಲ ಬೈದಿದ್ದೆ. ಇದು ನಮಗೆ ಎಷ್ಟು ಗೊತ್ತಿದ್ದ ವಿಷಯವೆಂದರೆ, ಅದನ್ನು ಅಂಪೈರರಿಗೆ ಹೇಳಬೇಕೆಂದು ನಮ್ಮಲ್ಲಿ ಒಬ್ಬನ ತಲೆಗೂ ಹೊಳೆಯಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಅದೇ ಕಥೆ.

ಮಂಡ್ಯದವನೊಬ್ಬ ಬಲವಾಗಿ ಬೀಸಿದ. ಚೆಂಡು ಪುಟಿಯುತ್ತ ಕಬ್ಬಿನ ಗದ್ದೆಯತ್ತಲೇ ಹೋಯಿತು. ಇಸಾಕ ಓಡಿ ಹಿಡಿದ. ದಾಂಡಿನವರು ಅವನ ಸೊಟ್ಟ ಕೈ ನೋಡಿ ನಗುತ್ತ ಇನ್ನೊಂದು ಓಟಕ್ಕೆ ತಿರುಗಿದರು.

“ಒಗೀಲಾ!” ಎಂದು ನಮ್ಮವರೆಲ್ಲ ಕಿರುಚಿದರು.

ಅವನು ಒಗೆಯಲಿಲ್ಲ. ಒಗೆಯಲು ಬಂದರೆ ತಾನೆ? ಬದುವಿನ ಮೇಲಿಂದಲೇ ನಾಲ್ಕು ಹೆಜ್ಜೆ ಓಡಿ, ಆ ಕೈಯನ್ನು ಭುಜದಿಂದ ಸುತ್ತಿಸಿ, ಗೂಟದ ಮುಂದೆ ನಿಂತು ಎಸೆಯುವ ಹಾಗೆಯೇ ಎಸೆದ. ಅಷ್ಟು ದೂರದಿಂದ! ಚೆಂಡು ಮೈದಾನದ ಅಡ್ಡಕ್ಕೆ ತೇಲಿ ಬಂತು. ಜನ ಎದ್ದು ನಿಂತರು. ನನ್ನ ಮುಂದೆ ಒಂದೇ ಒಂದು ಪುಟ ಬಿದ್ದು, ನಾನು ಕೈ ಚಾಚುವ ಮೊದಲೇ ಗೂಟಕ್ಕೆ ಬಡಿಯಿತು. ದಾಂಡಿನವನು ಇನ್ನೂ ದಾರಿಯಲ್ಲಿದ್ದ.

ಮರಿಸಿದ್ದಯ್ಯನವರು ಬೆರಳೆತ್ತಿದರು. ಎತ್ತಿದ ಬೆರಳು ಇಳಿಯಲೇ ಇಲ್ಲ. ಔಟಾದವನು ಹೊರಟುಹೋದ ಮೇಲೂ ಹಾಗೆಯೇ ನಿಂತಿದ್ದರು. ಆಮೇಲೆ ಬೆರಳಿಳಿಸಿ, ಎಲ್ಲರ ಕಣ್ಣೆದುರು, ಮೈದಾನ ದಾಟಿ ಇಸಾಕನ ಬಳಿಗೆ ನಡೆದುಕೊಂಡು ಹೋದರು. ಅಂಪೈರು ಹೀಗೆ ಜಾಗ ಬಿಟ್ಟು ಹೋದದ್ದನ್ನು ನಾನು ಅದೇ ಮೊದಲು ನೋಡಿದ್ದು. ನಾನೂ ನಜೀರ್ ಸಾಬರೂ ಹಿಂದೆ ಓಡಿದೆವು.

“ಯಾಕೆ ಒಗೀಲಿಲ್ಲ ನೀನು?” ಎಂದು ಕೇಳಿದರು.

ಇಸಾಕ ತಲೆ ತಗ್ಗಿಸಿದ. “ಒಗಿಯಾಕೆ ಬರಾಕಿಲ್ಲ ಸಾ. ಮೊಣಕೈ ಆಡಾಕಿಲ್ಲ.”

“ಆ ಹುಣಸೇಮರ ಕಾಣ್ತಿದೆಯಲ್ಲ. ಒಂದು ಕಲ್ಲು ತಗೊಂಡು ಹೊಡಿ.”

ಅವನು ಕಲ್ಲು ಹೆಕ್ಕಿದ. ಮರ ಹತ್ತಿರದಲ್ಲೇ ಇತ್ತು, ಚಿಕ್ಕ ಮಕ್ಕಳೂ ಹೊಡೆಯುವಷ್ಟು. ನಿಂತಲ್ಲೇ ನಿಂತು ಝಾಡಿಸಲು ನೋಡಿದ. ಕಲ್ಲು ಅವನ ಕಾಲ ಮುಂದೆಯೇ ಬಿತ್ತು. ಮತ್ತೊಂದು ಹೊಡೆದ, ಅದೂ ಅಲ್ಲೇ. ಬದುವಿನ ಮೇಲಿದ್ದ ಜನ ಗೊಳ್ಳೆಂದು ನಕ್ಕರು. ಇಸಾಕನ ಕಣ್ಣಲ್ಲಿ ನೀರು ತುಂಬಿತು.

ಮರಿಸಿದ್ದಯ್ಯನವರು ನಗಲಿಲ್ಲ. ಅವನ ಮೊಣಕೈಯನ್ನು ಎರಡೂ ಕೈಗಳಿಂದ ಹಿಡಿದು, ಮೆಲ್ಲಗೆ ಚಾಚಲು ನೋಡಿದರು, ಮಡಿಸಲು ನೋಡಿದರು. ಅದು ಅಲ್ಲಾಡಲಿಲ್ಲ. ಮೂಳೆ ಕೂಡಿದ ಗಂಟಿನ ಮೇಲೆ ಅವರ ಹೆಬ್ಬೆರಳು ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಜನರ ಕಡೆ ತಿರುಗಿ, ಸೋಲ್ಜರುಗಳ ಮೈದಾನದಲ್ಲಿ ಪಳಗಿದ ಆ ಗಂಟಲಿನಲ್ಲಿ ಕೂಗಿ ಹೇಳಿದರು:

“ಈ ಹುಡುಗನ ಕೈ ಬಗ್ಗಿದೆ, ಆದರೆ ಆಡೋದಿಲ್ಲ. ಆಡದ ಮೊಣಕೈ ಝಾಡಿಸೋದಿಲ್ಲ. ನಾನು ಮೂರು ಸಲ ತಪ್ಪಾಗಿ ಕೂಗಿದೆ!”

ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ ಕಾಣೆ. ಅಮಲ್ದಾರರಿಗೆ ಬೆರಳೆತ್ತುವುದು ದೊಡ್ಡದೇ ಇರಬಹುದು. ತನ್ನ ಕಡೆಗೇ ಬೆರಳು ತಿರುಗಿಸಿ, ಸಂತೆಯಷ್ಟು ಜನರ ಮುಂದೆ ‘ತಪ್ಪಾಯಿತು’ ಎಂದು ಕೂಗುವುದಿದೆಯಲ್ಲ, ಅದಕ್ಕೆ ಎಂಥ ಎದೆ ಬೇಕು! ನನಗೆ ಕೈ ಮುಗಿಯುವಂತಾಯಿತು.

“ಹಂಗಾದ್ರೆ ಆ ಮೂರು ನೋಬಾಲಿನ ಓಟ ವಾಪಸ್ ಕೊಡಿ ಸಾರ್,” ಎಂದರು ನಜೀರ್ ಸಾಬರು. ವ್ಯಾಪಾರಸ್ಥರಲ್ಲವೇ!

“ಅದಾಗಲ್ಲ ಸಾಬರೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೂಗಿದ್ದು ಕೂಗಿದ್ದೇ. ಆ ಓಟ ಮಂಡ್ಯದ್ದೇ. ಆದರೆ ಇವನ ಕೈಗೆ ಚೆಂಡು ಕೊಡಿ. ನಾನು ನಿಲ್ಲೋ ಕಡೆಯಿಂದಲೇ ಎಸೀಲಿ.”

‘ಎಸೀಲಿ’ ಎಂದರು, ಕೇಳಿದಿರಾ? ನಮ್ಮ ಮಾತಿನಲ್ಲೇ.

ಆಮೇಲೆ ಇಸಾಕ ಎಸೆದದ್ದನ್ನು ನೋಡಿದವರು ಪುಣ್ಯವಂತರು. ಆ ಕೈಯಲ್ಲಿ ಏನೋ ಹೊಕ್ಕಿತ್ತು. ಚೆಂಡು ಒಮ್ಮೆ ಹಾವಿನಂತೆ ಬುಸ್ಸೆಂದು ಏಳುತ್ತಿತ್ತು, ಒಮ್ಮೆ ಚಾಪೆಗೆ ಅಂಟಿಕೊಂಡೇ ಬರುತ್ತಿತ್ತು. ನಾನು ಹಿಡಿಯುವುದನ್ನೇ ಮರೆತು ಬಾಯಿ ಬಿಟ್ಟು ನೋಡಿದ್ದೂ ಉಂಟು. ಮಂಡ್ಯದವರು ಒಬ್ಬರ ಹಿಂದೊಬ್ಬರು ಬಂದ ದಾರಿ ಹಿಡಿದರು. ಒಬ್ಬನಂತೂ ಗೂಟ ಬಿದ್ದ ಮೇಲೆ ಇಸಾಕನಿಗೆ ಕೈ ಮುಗಿದೇ ಹೋದ.

ಕೊನೆಗೆ ಎರಡೂ ಕಡೆ ಓಟ ಸಮ ಆಯಿತು. ಮಂಡ್ಯಕ್ಕೆ ಒಂದು ಓಟ ಸಿಕ್ಕಿದರೆ ಅವರು ಗೆದ್ದರು. ಆಡಲು ಉಳಿದವನೂ ಒಬ್ಬನೇ, ಪುಟ್ಟಸ್ವಾಮಿ ಎಂಬ ದಡೂತಿ ಆಳು. ಆ ಮೂರು ನೋಬಾಲಿನ ಓಟ ಇಲ್ಲದಿದ್ದರೆ ನಾವು ಇನ್ನೂ ಮುಂದಿದ್ದೆವು. ಅದು ನನಗೆ ಗೊತ್ತಿತ್ತು, ಎಸೆಯುವ ಕಡೆಯ ಗೂಟದ ಪಕ್ಕ ನಿಂತಿದ್ದ ಮರಿಸಿದ್ದಯ್ಯನವರಿಗೂ ಗೊತ್ತಿತ್ತು. ಅವರ ಮುಖ ನೋಡಿದರೇ ತಿಳಿಯುತ್ತಿತ್ತು.

ಇಸಾಕ ಚೆಂಡನ್ನು ಅಂಗಿಗೆ ಉಜ್ಜಿಕೊಂಡ. ಹಿಂದೆ ಹಿಂದೆ ಹೋದ, ಯಾವತ್ತಿಗಿಂತ ದೂರ. ಓಡಿಬಂದ. ಕೈ ಸುತ್ತಿತು.

ಆ ಚೆಂಡನ್ನು ನಾನು ಸಾಯುವ ತನಕ ಮರೆಯಲಾರೆ. ಪುಟ್ಟಸ್ವಾಮಿಯ ಕಾಲಿನ ಹಿಂದಿನಿಂದ ಸುತ್ತಿಕೊಂಡು ಬಂದಂತೆ ಬಂತು ಅದು. ಅವನು ದಾಂಡು ಎತ್ತಲೂ ಇಲ್ಲ. ಮೂರು ಗೂಟದಲ್ಲಿ ಎರಡು ಮಲಗಿದವು.

ಗೂಟ ಬೀಳುವ ಮೊದಲೇ ಕೂಗು ಬಂದಿತ್ತು.

“ನೋಬಾಲ್!”

ಆಮೇಲೆ ಮಂಡ್ಯದ ಕಡೆಯವರ ಹೋ ಎನ್ನುವ ಕೂಗು. ನೋಬಾಲಿಗೆ ಒಂದು ಓಟ. ಅದೇ ಓಟದಲ್ಲಿ ಅವರು ಗೆದ್ದಿದ್ದರು.

ನನ್ನ ತಲೆ ಕೆಟ್ಟುಹೋಯಿತು. ಈ ಮುದುಕ ಈಗ ತಾನೆ ತಪ್ಪಾಯಿತು ಎಂದನಲ್ಲ! ಅದಕ್ಕೆ ಸರಿಯಾಗಲಿ ಎಂದಾದರೂ ಒಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ಯಾರ ಗಂಟು ಹೋಗುತ್ತಿತ್ತು? ಯಾರು ಕೇಳುತ್ತಿದ್ದರು? ಬಿದ್ದಿದ್ದ ಗೂಟ ಎತ್ತಿಕೊಂಡೇ ಅವರ ಕಡೆ ಓಡಿದೆ.

ಓಡಿದವನು ಅರ್ಧ ದಾರಿಯಲ್ಲೇ ನಿಂತೆ.

ಇಸಾಕ ಅವರ ಎದುರು ನಿಂತಿದ್ದ. ಆ ಸೊಟ್ಟ ಕೈಯನ್ನು ಎಡಗೈಯಲ್ಲಿ ಅವುಚಿಕೊಂಡಿದ್ದ, ಕೂಸನ್ನು ಹಿಡಿದಂತೆ.

“ಕೈಗಾ ಸಾ?” ಎಂದು ಕೇಳಿದ. “ಕಾಲ್ಗಾ?”

ಮರಿಸಿದ್ದಯ್ಯನವರ ಕಣ್ಣು ಕೆಂಪಾಗಿತ್ತು. ಬಗ್ಗಿ ಸುಣ್ಣದ ಗೆರೆ ತೋರಿಸಿದರು. ಗೆರೆ ಒಂದು ಕಡೆ ಅಳಿಸಿತ್ತು. ಇಸಾಕ ಬಲಗಾಲು ಎತ್ತಿ, ಅಂಗಾಲು ತಿರುಗಿಸಿ ನೋಡಿಕೊಂಡ. ಹಿಮ್ಮಡಿಯ ತುಂಬ ಸುಣ್ಣ ಮೆತ್ತಿತ್ತು.

“ಕಾಲು ಕಣಪ್ಪ,” ಎಂದರು ಅವರು. “ನಿನ್ನ ಕೈಯಲ್ಲಿ ಯಾವ ತಪ್ಪೂ ಇಲ್ಲ. ಮೂರೂರಿಗೂ ಹೇಳ್ತೀನಿ. ಕಾಲು ಅಷ್ಟೆ.”

ಇಸಾಕನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಸುತ್ತಲೂ ಮಂಡ್ಯದವರು ಕುಣಿಯುತ್ತಿದ್ದಾರೆ, ನಮ್ಮವರು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾರೆ, ಇವನು ಒಂಟಿಕಾಲಲ್ಲಿ ನಿಂತು, ಹಿಮ್ಮಡಿಯ ಸುಣ್ಣ ನೋಡಿಕೊಂಡು ನಗುತ್ತಿದ್ದಾನೆ! ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

“ಕಾಲಾ?” ಎಂದ. “ಕಾಲಾದ್ರೆ ಬುಡಿ ಸಾ. ನಾಳೀಕೆ ಸರಿ ಮಾಡ್ಕತೀನಿ.”

ನನ್ನ ಕೈಯಲ್ಲಿದ್ದ ಗೂಟವನ್ನು ನಾನು ಅಲ್ಲೇ ನೆಲಕ್ಕೆ ಊರಿದೆ.